ಕತ್ತರಿಗೆ ಸಿಕ್ಕ ನಾಲ್ಕು ನಿಮಿಷ

ಮದುವೆಯ ವಿಡಿಯೊವನ್ನು ಯಾರೂ ವಿಮರ್ಶೆಗೆ ಎತ್ತಿಕೊಳ್ಳುವುದಿಲ್ಲ. ಕತೆ, ಕಾದಂಬರಿ, ನಾಟಕ, ಸಿನಿಮಾಗಳ ಬಗ್ಗೆ ಪುಟಗಟ್ಟಲೆ ಬರೆಯುವ ನಾವು, ಮನೆಮನೆಯ ಅಲ್ಮೇರಾದಲ್ಲಿ ಸೀರೆಗಳ ನಡುವೆ ಜೋಪಾನವಾಗಿರುವ ಈ ಕೃತಿಯ ಬಗ್ಗೆ ಒಂದು ಮಾತನ್ನೂ ಆಡುವುದಿಲ್ಲ. ಅದು ಕಲೆಯಲ್ಲ, ಬರೀ ವ್ಯಾಪಾರ ಎಂಬ ಉದಾಸೀನ ಇದಕ್ಕೆ ಕಾರಣವಿರಬಹುದು. ಆದರೆ ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಎಷ್ಟೋ ಸಾಮಾನ್ಯ ಕುಟುಂಬಗಳಿಗೆ ತಮ್ಮ ಚರಿತ್ರೆ ಎಂದು ತೆಗೆದು ತೋರಿಸಲು ಇರುವುದು ಪಹಣಿ, ಪಡಿತರ ಚೀಟಿ ಮತ್ತು ಮದುವೆಯ ವಿಡಿಯೊ. ಮೊದಲೆರಡನ್ನು ಸರ್ಕಾರ ಬರೆಯುತ್ತದೆ. ಮೂರನೆಯದನ್ನು ನಾವೇ ಬರೆಸುತ್ತೇವೆ. ಅದನ್ನು ಹೇಗೆ ಬರೆಸುತ್ತಿದ್ದೇವೆ, ಯಾರನ್ನು ಬಿಟ್ಟು ಬರೆಸುತ್ತಿದ್ದೇವೆ ಎಂದು ಕೇಳಿಕೊಳ್ಳುವುದು ಅನಗತ್ಯವಲ್ಲ.

ಈ ಪ್ರಶ್ನೆ ನಮ್ಮನ್ನು ಕಾಡಿದ್ದು ನಮ್ಮದೇ ಮನೆಯ ಒಂದು ಮದುವೆಯಿಂದ. ಕಳೆದ ವರ್ಷ ಅಣ್ಣನ ಮಗಳ ನಿಕಾಹ್ ಕೊಳ್ಳೇಗಾಲದಲ್ಲಿ ನಡೆಯಿತು. ಗಂಡಿನ ಕಡೆಯವರು ಹನೂರಿನವರು, ಅತ್ತಿಗೆಯ ತವರು ಯಳಂದೂರು. ಮೂರೂ ಊರುಗಳ ನೆಂಟರು ಒಂದೇ ಸೂರಿನಡಿ ಸೇರಿದ್ದರು. ಗಂಡಸರ ಸಭೆಯಲ್ಲಿ ಎರಡು ಕ್ಯಾಮರಾ, ಹೆಂಗಸರ ಕೋಣೆಯಲ್ಲಿ ಒಂದು. ಆ ಮೂರನೆಯದನ್ನು ಹಿಡಿದಿದ್ದವಳು ಮನೆಯ ಹುಡುಗಿಯೇ. ಎಲ್ಲ ಸೇರಿ ಸುಮಾರು ಹನ್ನೊಂದು ಗಂಟೆಗಳ ದೃಶ್ಯ. ಕಂಪ್ಯೂಟರಿನಲ್ಲಿ ಅಷ್ಟಿಷ್ಟು ಕೈಯಾಡಿಸುವ ಅಭ್ಯಾಸ ನಮಗಿದ್ದುದರಿಂದ ಸಂಕಲನದ ಕೆಲಸ ನಮ್ಮ ಹೆಗಲಿಗೆ ಬಿತ್ತು. ಅಣ್ಣನ ಬೇಡಿಕೆ ಸರಳವಾಗಿತ್ತು: “ಇಪ್ಪತ್ತು ನಿಮಿಷ ಸಾಕು. ಆದ್ರೆ ಸಿನಿಮಾ ಥರ ಇರ್ಬೇಕು.”

ಈ ‘ಸಿನಿಮಾ ಥರ’ ಎಂಬ ಮಾತು ನಮ್ಮ ಊರುಗಳಿಗೆ ಒಮ್ಮೆಲೇ ಬಂದದ್ದಲ್ಲ. 1982ರ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ದೂರದರ್ಶನಕ್ಕೆ ಬಣ್ಣ ಬಂತು. ಅದರ ಬೆನ್ನಿಗೇ ವಿಸಿಆರ್ ಬಂತು. ಕ್ರಮೇಣ ವಿಎಚ್‌ಎಸ್ ಕ್ಯಾಮರಾ ಹೆಗಲ ಮೇಲೆ ಹೊತ್ತವನೊಬ್ಬ, ಅವನ ಪಕ್ಕದಲ್ಲಿ ಕಣ್ಣು ಕೋರೈಸುವ ದೀಪ ಹಿಡಿದ ಹುಡುಗನೊಬ್ಬ ನಮ್ಮ ಚಪ್ಪರಗಳೊಳಗೆ ಕಾಣಿಸಿಕೊಂಡರು. ಆ ಕಾಲದ ಮೂರು ಗಂಟೆಯ ಕ್ಯಾಸೆಟ್ಟುಗಳನ್ನು ಈಗ ನೋಡಿದರೆ ನಗು ಬರುತ್ತದೆ. ಕಮಲ ಅರಳಿ ಅದರೊಳಗಿಂದ ಮದುಮಗಳು ಮೂಡುತ್ತಾಳೆ. ಹೃದಯದ ಆಕಾರದೊಳಗೆ ಮದುಮಗನ ಮುಖ ಗಿರಗಿರನೆ ತಿರುಗುತ್ತದೆ. ಕ್ಯಾಮರಾದವನು ಊಟದ ಸಾಲಿನಲ್ಲಿ ಒಬ್ಬೊಬ್ಬರ ಮುಂದೆಯೂ ನಿಂತು, ಬಾಯಿಗಿಟ್ಟ ತುತ್ತನ್ನು ನುಂಗಲೂ ಬಿಡದೆ ಚಿತ್ರೀಕರಿಸುತ್ತಾನೆ. ಇದನ್ನು ಬೈಯದವರಿಲ್ಲ.

ಆದರೆ ಆ ಒರಟು ಕ್ಯಾಸೆಟ್ಟಿನಲ್ಲಿ ಒಂದು ಗುಣವಿತ್ತು. ಅದರಲ್ಲಿ ಎಲ್ಲರೂ ಇರುತ್ತಿದ್ದರು. ಅಡಿಗೆ ಭಟ್ಟರು, ಎಲೆ ಎತ್ತುವವರು, ಪಾತ್ರೆ ತೊಳೆಯುವ ಹೆಂಗಸರು, ಕೋಪಿಸಿಕೊಂಡು ಮೂಲೆಯಲ್ಲಿ ಕೂತ ಸೋದರಮಾವ, ಎಲ್ಲರೂ. ನಮ್ಮ ಸೀಮೆಯಲ್ಲಿ ಮುಯ್ಯಿ ಬರೆದಿಡುವ ಪುಸ್ತಕವೊಂದಿರುತ್ತದೆ. ಯಾರು ಬಂದರು, ಎಷ್ಟು ಮುಯ್ಯಿ ಮಾಡಿದರು ಎಂಬ ಲೆಕ್ಕ ಅದರಲ್ಲಿ. ಹಳೆಯ ಮದುವೆ ಕ್ಯಾಸೆಟ್ಟು ಅಂಥ ಮುಯ್ಯಿ ಪುಸ್ತಕದಂತಿತ್ತು. ಬಂದವರ ಋಣವನ್ನು ಅದು ಮರೆಯುತ್ತಿರಲಿಲ್ಲ. ಅಷ್ಟೇ ಅಲ್ಲ, ಹಾಲ್‌ನಲ್ಲಿ ಸಾಲಾಗಿ ಜೋಡಿಸಿಟ್ಟ ಮಂಚ, ಬೀರು, ಫ್ರಿಜ್ಜು, ಹೊಸ ಬೈಕನ್ನೂ ಅದು ಹೆಮ್ಮೆಯಿಂದ ತೋರಿಸುತ್ತಿತ್ತು. ಕೊಟ್ಟದ್ದು, ತೆಗೆದುಕೊಂಡದ್ದು ಎರಡೂ ಬಯಲಿಗಿರುತ್ತಿತ್ತು.

ಡಿವಿಡಿ ಕಾಲದಲ್ಲಿ ಸಂಕಲನ ಕಂಪ್ಯೂಟರಿಗೆ ಬಂತು. ಎಡಿಯಸ್‌ನಂಥ ತಂತ್ರಾಂಶಗಳಿಗೆ ಹೊಂದುವ ಸಿದ್ಧ ಮಾದರಿಗಳು ಮಾರುಕಟ್ಟೆಯಲ್ಲಿ ಸಿಗತೊಡಗಿದವು. ಫೋಟೊ ತುರುಕಿದರೆ ಸಾಕು, ಹಾಡು ತಯಾರು. 2008ರಲ್ಲಿ ಕ್ಯಾನನ್ ಕಂಪನಿಯ 5ಡಿ ಮಾರ್ಕ್ 2 ಎಂಬ ಫೋಟೊ ಕ್ಯಾಮರಾ ಸಿನಿಮಾ ಗುಣಮಟ್ಟದ ವಿಡಿಯೊವನ್ನೂ ತೆಗೆಯತೊಡಗಿತು. ಮುಖ ಮಾತ್ರ ಸ್ಪಷ್ಟ, ಹಿಂದಿನದೆಲ್ಲ ಮಸುಕು. ಈಗ ‘ಸಿನಿಮ್ಯಾಟಿಕ್’ ಎಂದು ಕರೆಯುವ ಶೈಲಿಗೆ ಅಡಿಪಾಯ ಬಿದ್ದದ್ದು ಇಲ್ಲಿ. ಆ ಮಸುಕಿನಲ್ಲಿ ಏನಿದೆ ಎಂದು ನೋಡಿ. ಮದುಮಗಳ ಹಿಂದೆ ನಿಂತ ಅಜ್ಜಿ, ಅತ್ತೆ, ನೆರೆಮನೆಯವರು, ಅವಳೊಂದಿಗೆ ಓದಿದವರು ಎಲ್ಲರೂ ಅಲ್ಲಿದ್ದಾರೆ. ಅವರೀಗ ಬರೀ ಬಣ್ಣದ ಚುಕ್ಕೆಗಳು. ಹಿಂದಿನ ಕ್ಯಾಸೆಟ್ಟಿನಲ್ಲಿ ಒಂದು ಊರಿತ್ತು. ಈಗಿನ ಚಿತ್ರದಲ್ಲಿ ಒಬ್ಬ ನಾಯಕ, ಒಬ್ಬಳು ನಾಯಕಿ ಇದ್ದಾರೆ.

ಸಾಲಾಗಿ ಜೋಡಿಸಿಟ್ಟ ಸಾಮಾನುಗಳೂ ಈಗಿನ ಚಿತ್ರದಲ್ಲಿಲ್ಲ. ಹಾಗೆಂದು ಕೊಡುಕೊಳ್ಳುವುದು ನಿಂತಿದೆಯೇ? ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು 1961ರಲ್ಲಿ. 1985ರ ನಿಯಮಗಳ ಪ್ರಕಾರ ವಧೂವರರು ಮದುವೆಯ ಉಡುಗೊರೆಗಳ ಪಟ್ಟಿ ಬರೆದು ಸಹಿ ಹಾಕಿ ಇಟ್ಟುಕೊಳ್ಳಬೇಕು. ಅಂಥ ಪಟ್ಟಿಯನ್ನು ನಾವು ಹೋದ ಯಾವ ಮದುವೆಯಲ್ಲೂ ಕಂಡಿಲ್ಲ. ಹಳೆಯ ಕ್ಯಾಸೆಟ್ಟು ತನಗೆ ಗೊತ್ತಿಲ್ಲದೆಯೇ ಆ ಪಟ್ಟಿ ಬರೆದಿಡುತ್ತಿತ್ತು. ಹೊಸ ಚಿತ್ರ ಮರ್ಯಾದಸ್ಥ ಚಿತ್ರ. ಅದು ಅಂಥದ್ದನ್ನು ಕಂಡೂ ಕಾಣದಂತೆ ಇರುತ್ತದೆ.

ಈ ಶೈಲಿ ತನ್ನ ತುದಿ ಮುಟ್ಟಿದ್ದನ್ನು ಕರ್ನಾಟಕ 2016ರಲ್ಲೇ ನೋಡಿದೆ. ಬಳ್ಳಾರಿಯ ಗಣಿ ಉದ್ಯಮಿ, ಮಾಜಿ ಸಚಿವ ಜನಾರ್ದನ ರೆಡ್ಡಿಯವರ ಮಗಳ ಮದುವೆ ಆ ವರ್ಷದ ನವೆಂಬರ್ 16ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆಯಿತು. ಆಮಂತ್ರಣವೇ ಒಂದು ವಿಡಿಯೊ ಆಗಿತ್ತು. ಪೆಟ್ಟಿಗೆ ತೆರೆದರೆ ಪುಟ್ಟ ಪರದೆಯ ಮೇಲೆ ಇಡೀ ಕುಟುಂಬ ಹಾಡಿಗೆ ತುಟಿಯಾಡಿಸುತ್ತ ಅತಿಥಿಗಳನ್ನು ಕರೆಯುತ್ತಿತ್ತು. ನೋಟು ರದ್ದತಿಯಾಗಿ ಆಗಿನ್ನೂ ಎಂಟೇ ದಿನ. ಬಡವರ ಮನೆಯ ಮದುವೆಗಳು ನಿಂತುಹೋಗುವ ಸ್ಥಿತಿಯಲ್ಲಿ, ಮದುವೆ ಖರ್ಚಿಗೆ ಬ್ಯಾಂಕಿನಿಂದ ಎರಡೂವರೆ ಲಕ್ಷ ರೂಪಾಯಿವರೆಗೆ ತೆಗೆಯಬಹುದು ಎಂಬ ನಿಯಮ ಮಾಡಬೇಕಾಗಿ ಬಂದ ತಿಂಗಳು ಅದು. ಆ ಪೆಟ್ಟಿಗೆಯ ವೈಭವವನ್ನು ಟೀಕಿಸಿದವರು ಬಹಳ. ಆದರೆ ಅದು ತಂದ ಬದಲಾವಣೆಯನ್ನು ಗಮನಿಸಿದವರು ಕಡಿಮೆ. ಹಿಂದೆ ಮದುವೆ ನಡೆದ ಮೇಲೆ ವಿಡಿಯೊ ಆಗುತ್ತಿತ್ತು. ಇಲ್ಲಿ ವಿಡಿಯೊ ಮೊದಲು, ಮದುವೆ ನಂತರ. ಇವತ್ತು ಸಾಲ ಮಾಡಿಯಾದರೂ ಭರಚುಕ್ಕಿಯ ಮುಂದೆ ಗೌನಿನ ಸೆರಗು ಹಾರಿಸುತ್ತ, ಬಿಳಿಗಿರಿರಂಗನ ಬೆಟ್ಟದ ತಿರುವಿನಲ್ಲಿ ಕೈ ಕೈ ಹಿಡಿದು ನಡೆಯುತ್ತ ತೆಗೆಸಿಕೊಳ್ಳುವ ಮದುವೆಪೂರ್ವ ಚಿತ್ರಗಳು ಆ ಪೆಟ್ಟಿಗೆಯ ಬಡ ತಮ್ಮಂದಿರು.

ಇದೇ ನಾಡಿನಲ್ಲಿ 1966ರಲ್ಲಿ ಕುವೆಂಪು ಅವರು ಮಗ ತೇಜಸ್ವಿಯ ಮದುವೆಯನ್ನು ಮಂತ್ರ ಮಾಂಗಲ್ಯದ ರೀತಿಯಲ್ಲಿ, ಆಡಂಬರವಿಲ್ಲದೆ ಮಾಡಿ ತೋರಿಸಿದ್ದರು. ಅಲ್ಲಿ ಮುಖ್ಯವಾದದ್ದು ಗಂಡು ಹೆಣ್ಣು ಎದುರೆದುರು ನಿಂತು ಆಡಿದ ಮಾತು. ಬಿಳಿಗಿರಿಯ ಸೋಲಿಗರಲ್ಲಂತೂ ಒಲಿದ ಹುಡುಗ ಹುಡುಗಿ ಕಾಡಿಗೆ ಹೋಗಿ ಮರಳಿದ ಮೇಲೆ, ಕುಲದ ಹಿರಿಯರು ನ್ಯಾಯ ಸೇರಿ ತಪ್ಪುಕಾಣಿಕೆ ಹಿಡಿದು ಅವರನ್ನು ಒಪ್ಪಿಕೊಳ್ಳುವ ರೂಢಿಯಿತ್ತು. ಅಲ್ಲೂ ನಡೆಯುವುದು ಮಾತೇ. ಮದುವೆ ಎಂದರೆ ಮೂಲತಃ ಮಾತು. ನಿಕಾಹ್ ಕೂಡ ಒಂದು ಒಪ್ಪಂದ. ಕೇಳುವುದು, ಒಪ್ಪುವುದು, ಸಾಕ್ಷಿಗಳು ಅದನ್ನು ಕೇಳಿಸಿಕೊಳ್ಳುವುದು. ಹೀಗಿದ್ದೂ ಇಂದಿನ ಮದುವೆ ವಿಡಿಯೊ ಮೊದಲು ಕತ್ತರಿಸುವುದು ಮಾತನ್ನೇ.

ಇದು ಹೇಗಾಗುತ್ತದೆ ಎಂಬುದನ್ನು ನಮ್ಮ ಕೈಯಿಂದಲೇ ಆದ ತಪ್ಪಿನಿಂದ ಹೇಳಬಹುದು. ನಾವೂ ಎಲ್ಲರಂತೆ ಮೊದಲು ಹಾಡು ಆರಿಸಿದೆವು. ಆಮೇಲೆ ಹಾಡಿನ ತಾಳಕ್ಕೆ ಚಿತ್ರಗಳನ್ನು ಕತ್ತರಿಸಿ ಕೂಡಿಸುತ್ತ ಹೋದೆವು. ಒಂದು ಸೆಕೆಂಡಿಗೆ ಐವತ್ತು ಚಿತ್ರಗಳಂತೆ ತೆಗೆದ ದೃಶ್ಯವನ್ನು ಇಪ್ಪತ್ತೈದರಂತೆ ಓಡಿಸಿದರೆ ನಡಿಗೆ ನಿಧಾನವಾಗುತ್ತದೆ. ಯಾರು ನಡೆದರೂ ರಾಣಿಯಂತೆ ಕಾಣುತ್ತಾರೆ. ಆದರೆ ನಿಧಾನವಾದ ಚಿತ್ರಕ್ಕೆ ಮೂಲ ದನಿ ಹೊಂದುವುದಿಲ್ಲ. ಅದನ್ನು ಅಳಿಸಿ ಸಂಗೀತ ಹಾಕಬೇಕು. ಬಣ್ಣ ತಿದ್ದುವಾಗ ಇನ್ನೊಂದು ಆಮಿಷ ಕಾಯುತ್ತಿರುತ್ತದೆ. ಒಂದು ಗುಂಡಿ ತಿರುಗಿಸಿದರೆ ನಮ್ಮ ಹುಡುಗಿಯ ಎಣ್ಣೆಗೆಂಪು ಮೈಬಣ್ಣ ಹಾಲುಬಿಳುಪಾಗುತ್ತದೆ. ತಿರುಗಿಸಿಯೂ ಇದ್ದೆವು. “ಇವಳು ಯಾರ ಮಗಳು?” ಎಂದು ಅತ್ತಿಗೆ ಕೇಳಿದ ಮೇಲೆ ನಾಚಿಕೆಯಾಗಿ ಹಿಂದಕ್ಕೆ ತಂದೆವು.

ದನಿಯ ವಿಷಯ ಇನ್ನೂ ದೊಡ್ಡದು. ಕೊಳ್ಳೇಗಾಲ ಸೀಮೆ 1956ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 2018ರಲ್ಲಿ ಪ್ರತ್ಯೇಕ ತಾಲ್ಲೂಕಾದ ಹನೂರಿನ ಕಡೆ ಇವತ್ತಿಗೂ ಕನ್ನಡದ ಜೊತೆ ತಮಿಳು ಮಾತಾಡುವ ಊರುಗಳಿವೆ. ನಮ್ಮ ಮನೆಗಳಲ್ಲಿ ದಖನಿ. ಆ ದಿನದ ಹನ್ನೊಂದು ಗಂಟೆಗಳಲ್ಲಿ ಈ ಮೂರೂ ಭಾಷೆ ಇದ್ದವು. ಹಿಂದಿನ ರಾತ್ರಿ ನಮ್ಮ ಹೆಂಗಸರು ಢೋಲಕ್ ಬಾರಿಸಿ ಹಾಡಿದ್ದರು. ಅವರ ನಡುವೆ ಯಳಂದೂರಿನ ನೆರೆಮನೆಯ ಮುದುಕಿಯೊಬ್ಬರು ಸೋಬಾನೆ ಎತ್ತಿಕೊಂಡಿದ್ದರು. ಢೋಲಕ್ಕಿನ ತಾಳಕ್ಕೆ ಸೋಬಾನೆ ಹೊಂದದೆ ಎಲ್ಲರೂ ನಕ್ಕದ್ದು, ಕಡೆಗೆ ಢೋಲಕ್ಕೇ ಸೋಬಾನೆಯ ನಡೆಗೆ ಇಳಿದದ್ದು ಎಲ್ಲ ಅದರಲ್ಲಿತ್ತು. ನಾವು ಅದರ ಮೇಲೊಂದು ಹಿಂದಿ ಸಿನಿಮಾ ಹಾಡು ಎಳೆದಿದ್ದೆವು. ಅಜ್ಜಿಯ ಬಾಯಿ ಆಡುತ್ತಿದೆ, ದನಿ ಮುಂಬಯಿಯದು.

ಸಿನಿಮಾ ಹಾಡು ಹಾಕುವವರು ಇದೊಂದನ್ನು ತಿಳಿದಿರುವುದು ಒಳ್ಳೆಯದು. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ಮದುವೆ ಮೆರವಣಿಗೆ ಮತ್ತು ಮದುವೆಗೆ ಸಂಬಂಧಿಸಿದ ಸಮಾರಂಭಗಳಲ್ಲಿ ಹಾಡು ಹಾಕುವುದನ್ನು ಉಲ್ಲಂಘನೆ ಎಂದು ಎಣಿಸುವುದಿಲ್ಲ. 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಇದನ್ನು ಮತ್ತೊಮ್ಮೆ ಸ್ಪಷ್ಟಪಡಿಸಿತು. ಆದರೆ ಛತ್ರದಲ್ಲಿ ಹಾಡು ಹಾಕುವುದು ಬೇರೆ, ಅದೇ ಹಾಡನ್ನು ಚಿತ್ರಕ್ಕೆ ಅಂಟಿಸಿ ಯೂಟ್ಯೂಬಿಗೆ ಏರಿಸುವುದು ಬೇರೆ. ಅಲ್ಲಿನ ಯಂತ್ರ ಹಾಡನ್ನು ಗುರುತಿಸಿದರೆ, ಹಾಡಿನ ಒಡೆಯರು ಬಯಸಿದಂತೆ ದನಿ ಅಡಗಬಹುದು, ವಿಡಿಯೊವೇ ನಿಲ್ಲಬಹುದು. ಅಜ್ಜಿಯ ದನಿಯನ್ನು ನಾವು ಅಳಿಸಿದೆವು, ನಾವು ಹಾಕಿದ್ದನ್ನು ಯಂತ್ರ ಅಳಿಸುತ್ತದೆ. ಕಡೆಗೆ ಉಳಿಯುವುದು ಮೂಕ ಮದುವೆ.

ಈಗ ಆ ನಾಲ್ಕು ನಿಮಿಷದ ಮಾತಿಗೆ ಬರೋಣ.

ನಮ್ಮ ಕಡೆಯ ನಿಕಾಹ್‌ನಲ್ಲಿ ಮದುಮಗ ಗಂಡಸರ ಸಭೆಯಲ್ಲಿ, ಮದುಮಗಳು ಒಳಕೋಣೆಯಲ್ಲಿ ಕೂರುವುದು ರೂಢಿ. ಹೆಣ್ಣಿನ ಪರವಾಗಿ ಒಬ್ಬ ವಕೀಲರು ಇಬ್ಬರು ಸಾಕ್ಷಿಗಳೊಂದಿಗೆ ಒಳಗೆ ಹೋಗಿ, ಇಂಥವರೊಂದಿಗೆ ಇಷ್ಟು ಮಹ್ರ್‌ಗೆ ನಿಕಾಹ್ ಒಪ್ಪಿಗೆಯೇ ಎಂದು ಕೇಳುತ್ತಾರೆ. ಸಾಮಾನ್ಯವಾಗಿ ತಲೆ ತಗ್ಗಿಸಿದ ಹುಡುಗಿ ಸಣ್ಣ ದನಿಯಲ್ಲಿ ಹೂಂ ಎನ್ನುತ್ತಾಳೆ, ಇಲ್ಲವೇ ಪಕ್ಕದ ಹಿರಿಯರೇ ಹೇಳಿಸುತ್ತಾರೆ. ನಮ್ಮ ಹುಡುಗಿ ಹೂಂ ಎನ್ನಲಿಲ್ಲ. ತಲೆ ಎತ್ತಿ, “ಮಹ್ರ್ ನಖದ್ ಕಿ, ಉಧಾರ್ ಕಿ?” ಎಂದಳು. ಮಹ್ರ್ ನಗದೋ ಸಾಲವೋ ಎಂದು ಅರ್ಥ. ಕೋಣೆ ಸ್ತಬ್ಧವಾಯಿತು. ಯಾರೋ “ಚುಪ್, ಬೇಟಿ” ಎಂದರು. ಐವತ್ತು ಸಾವಿರ, ಉಧಾರ್ ಎಂದು ವಕೀಲರು ಹೇಳಿದರು. “ಅರ್ಧವಾದರೂ ನಖದ್ ಆಗಬೇಕು, ಕೇಳಿಕೊಂಡು ಬನ್ನಿ ಮಾಮೂ,” ಎಂದಳು. ವಕೀಲರಾಗಿದ್ದವರು ಅವಳ ಸೋದರಮಾವ. ಅವರು ಎದ್ದು ಹೊರಗೆ ಹೋದರು.

ಕುರ್‌ಆನ್‌ನ ನಾಲ್ಕನೇ ಅಧ್ಯಾಯದ ನಾಲ್ಕನೇ ವಚನ ಮಹ್ರನ್ನು ಹೆಣ್ಣಿಗೆ ಸಂತೋಷದಿಂದ ಕೊಡಬೇಕೆಂದು ಹೇಳುತ್ತದೆ. ಅದು ಅವಳ ಹಕ್ಕು. ಆದರೆ ಉಧಾರ್ ಎಂದು ಬರೆದ ಮಹ್ರ್ ಎಷ್ಟು ಮನೆಗಳಲ್ಲಿ ಸಂದಾಯವಾಗುತ್ತದೆ, ಗಂಡನ ಜನಾಝದ ಮುಂದೆ ಎಷ್ಟು ಹೆಂಗಸರಿಂದ ಅದನ್ನು ಮಾಫ್ ಎನ್ನಿಸಲಾಗುತ್ತದೆ ಎಂಬುದು ಓದುಗರಿಗೆ ಗೊತ್ತಿಲ್ಲದ ಸಂಗತಿಯಲ್ಲ.

ಈ ನಾಲ್ಕು ನಿಮಿಷವನ್ನು ನಾವು ಕತ್ತರಿಸಿ ಹಾಕಿದ್ದೆವು. ಯಾರೂ ಹೇಳಿರಲಿಲ್ಲ, ಗಂಡಿನ ಕಡೆಯವರ ಒತ್ತಡವೂ ಇರಲಿಲ್ಲ. ಲಯ ಕೆಡುತ್ತದೆ ಎಂಬುದೊಂದೇ ಕಾರಣ. ಕ್ಯಾಮರಾ ಅಲುಗಾಡಿತ್ತು, ಬೆಳಕು ಸಾಲದಾಗಿತ್ತು, ಮುಖಗಳಲ್ಲಿ ಗಾಬರಿಯಿತ್ತು. ಅದರ ಬದಲಿಗೆ ಗೋರಂಟಿ ಹಚ್ಚಿದ ಕೈ ನಿಧಾನವಾಗಿ ಸಹಿ ಹಾಕುವ ಹತ್ತು ಸೆಕೆಂಡು, ಹಿನ್ನೆಲೆಯಲ್ಲಿ ಸಿತಾರ್. ನೋಡಿದವರೆಲ್ಲ ಬಹಳ ಚೆನ್ನಾಗಿದೆ ಎಂದರು. ಹನೂರಿನಿಂದ ತವರಿಗೆ ಬಂದಿದ್ದ ಹುಡುಗಿ ಕೊನೆಯವರೆಗೂ ನೋಡಿ, ಒಂದೇ ಮಾತು ಕೇಳಿದಳು: “ಚಾಚಾ, ಮೈಂ ಪೂಛೀ ಸೋ ಬಾತ್ ಕಾಂ ಗಯೀ?” ನಾನು ಕೇಳಿದ ಮಾತು ಎಲ್ಲಿ ಹೋಯಿತು?

ನಮ್ಮಲ್ಲಿ ಉತ್ತರವಿರಲಿಲ್ಲ. ಅಂದು ರಾತ್ರಿ ಮತ್ತೆ ಮೂಲ ದೃಶ್ಯಗಳನ್ನು ತೆರೆದು ಕೂತೆವು. ಒಳಕೋಣೆಯ ಕ್ಯಾಮರಾದ ಆ ನಾಲ್ಕು ನಿಮಿಷಕ್ಕೆ ಸರಿಯಾಗಿ ಹೊರಸಭೆಯ ಎರಡು ಕ್ಯಾಮರಾಗಳಲ್ಲಿ ಏನಿದೆ ಎಂದು ಮೊದಲ ಸಲ ನೋಡಿದೆವು. ಖಾಝಿ ಸಾಹೇಬರು ದಫ್ತರ ತೆರೆದು, ಪೆನ್ನು ಹಿಡಿದು ಕಾಯುತ್ತಿದ್ದಾರೆ. ಜನ ಗಡಿಯಾರ ನೋಡಿಕೊಳ್ಳುತ್ತಿದ್ದಾರೆ. ಮದುಮಗ ಎರಡು ಸಲ ನೀರು ಕುಡಿಯುತ್ತಾನೆ. ವಕೀಲರು ಬಂದು ಗಂಡಿನ ತಂದೆಯ ಕಿವಿಯಲ್ಲಿ ಹೇಳುತ್ತಾರೆ. ಆ ಹಿರಿಯರ ಮುಖ ಒಂದು ಕ್ಷಣ ಬಿಗಿಯುತ್ತದೆ. ಮದುಮಗನೇ ಏನೋ ಹೇಳುತ್ತಾನೆ. ಅವನ ಮಾತು ಕೇಳಿಸದು, ಕೈ ಮಾತ್ರ ಜೇಬಿಗೆ ಹೋಗುವುದು ಕಾಣುತ್ತದೆ. ಅವನ ತಮ್ಮ ಒಂದಿಷ್ಟು, ಭಾವ ಒಂದಿಷ್ಟು ಕೊಟ್ಟು ಇಪ್ಪತ್ತೈದು ಸಾವಿರ ರೂಪಾಯಿ ಒಂದು ಲಕೋಟೆಗೆ ಬೀಳುತ್ತದೆ. ವಕೀಲರು ಅದನ್ನು ಹಿಡಿದು ಒಳಗೆ ಹೋಗುತ್ತಾರೆ. ಹುಡುಗಿ “ಖಬೂಲ್” ಎನ್ನುತ್ತಾಳೆ. ಎಲ್ಲರಿಗೂ ಕೇಳಿಸುವಂತೆ.

ಒಳಗಿದ್ದ ಹೆಂಗಸರಿಗೆ ಹೊರಗೆ ನಡೆದದ್ದು ಗೊತ್ತಿರಲಿಲ್ಲ. ಹೊರಗಿದ್ದ ಗಂಡಸರಲ್ಲಿ ನಾಲ್ಕೈದು ಜನರ ಹೊರತು ಯಾರಿಗೂ ತಡವೇಕಾಯಿತೆಂದು ಗೊತ್ತಿರಲಿಲ್ಲ. ಆ ಗೋಡೆಯ ಎರಡೂ ಬದಿಯನ್ನು ಒಟ್ಟಿಗೆ ನೋಡುವ ಅವಕಾಶವಿದ್ದದ್ದು ಸಂಕಲನದ ಮೇಜಿಗೆ ಮಾತ್ರ. ಸಂಕಲನ ಎಂದರೆ ಕತ್ತರಿಸುವುದು ಎಂದು ತಿಳಿದಿದ್ದ ನಮಗೆ ಆ ರಾತ್ರಿ ಅದರ ನಿಜವಾದ ಅರ್ಥ ಹೊಳೆಯಿತು. ಸಂಕಲನ ಎಂದರೆ ಕೂಡಿಸುವುದು. ಪದದಲ್ಲೇ ಆ ಅರ್ಥವಿತ್ತು, ನಮಗೆ ಕಂಡಿರಲಿಲ್ಲ ಅಷ್ಟೆ. ನಯಗೊಳಿಸಿದ ಚಿತ್ರ ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ನಯ ಎನ್ನುವುದು ಮನುಷ್ಯರ ಮುಖಗಳನ್ನು ಸ್ಪಷ್ಟಗೊಳಿಸಬೇಕು, ಅವರ ಮಾತನ್ನು ಒರೆಸಿಹಾಕಬಾರದು.

ಇದಕ್ಕೆ ಮಾದರಿಯನ್ನು ಮುಂಬಯಿಯಿಂದ ತರಬೇಕಿಲ್ಲ. ಇದೇ ಸೀಮೆಯ ಮಲೆ ಮಹದೇಶ್ವರ ಕಾವ್ಯವನ್ನು ಕಂಸಾಳೆಯವರು ಸಾಲುಗಳಾಗಿ ಹಾಡುತ್ತಾರೆ. ಒಂದು ರಾತ್ರಿಗೆ ಒಂದು ಸಾಲು ಆರಿಸಿಕೊಂಡರೆ ಉಳಿದ ಸಾಲುಗಳು ಕಸವಾಗುವುದಿಲ್ಲ, ಇನ್ನೊಂದು ರಾತ್ರಿಗೆ ಕಾದಿರುತ್ತವೆ. ಕಾಡಿಗೆ ಹೊರಟ ನೀಲೇಗೌಡ ಹೆಂಡತಿಯನ್ನು ಅನುಮಾನಿಸಿ ಭಾಷೆ ಕೇಳುವ, ಆಕೆ ಭಾಷೆ ಕೊಡಲು ಒಪ್ಪದೆ ಸಂಕಟಪಡುವ ಸಂಕಮ್ಮನ ಸಾಲು ಜನ ಬಹಳ ಇಷ್ಟಪಟ್ಟು ಕೇಳುವಂಥದ್ದು. ಹೆಣ್ಣಿನ ಎದುರುಮಾತಿನಿಂದ ಹಾಡಿನ ಲಯ ಕೆಡುತ್ತದೆ ಎಂದು ಅಕ್ಷರ ಬಾರದ ಆ ಹಾಡುಗಾರರಿಗೆ ಅನ್ನಿಸಲಿಲ್ಲ. ಕಂಪ್ಯೂಟರ್ ಮುಂದೆ ಕೂತ ನಮಗೆ ಅನ್ನಿಸಿತ್ತು.

ಹಾಗಾಗಿ ನಾವು ಮದುವೆಯನ್ನು ಸಾಲುಗಳಾಗಿ ವಿಂಗಡಿಸಿದೆವು. ಹಾಡಿನ ರಾತ್ರಿಯದೊಂದು ಸಾಲು, ಅದರ ಮೂಲ ದನಿಯೊಂದಿಗೆ. ಊಟದ್ದೊಂದು, ಬಡಿಸಿದವರ ಮುಖಗಳೊಂದಿಗೆ. ನಿಕಾಹ್‌ನದು ಪೂರ್ತಿ. ಎಲ್ಲರಿಗೂ ತೋರಿಸುವ ಚಿತ್ರ ಇಪ್ಪತ್ತರಿಂದ ಇಪ್ಪತ್ತನಾಲ್ಕು ನಿಮಿಷವಾಯಿತು. ಮೂಲ ಹನ್ನೊಂದು ಗಂಟೆಯ ಎರಡು ಪ್ರತಿ ಮಾಡಿ ಒಂದನ್ನು ಹುಡುಗಿಯ ಕೈಗೇ ಕೊಟ್ಟೆವು. ಇದು ಬರೀ ಭಾವುಕತೆಯಲ್ಲ. ಮುಂದೆಂದಾದರೂ ಮದುವೆಯೇ ಆಗಿಲ್ಲ, ಕೊಟ್ಟೇ ಇಲ್ಲ ಎಂಬ ವಾದ ಬಂದರೆ ವಿಡಿಯೊ ನ್ಯಾಯಾಲಯದ ಮೆಟ್ಟಿಲು ಹತ್ತುವುದುಂಟು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ಇಂಥ ವಿದ್ಯುನ್ಮಾನ ದಾಖಲೆಗೆ ಪ್ರಮಾಣಪತ್ರ ಕೇಳುತ್ತದೆ. ಕಡತದ ಬೆರಳಚ್ಚಿನಂತಿರುವ ಹ್ಯಾಶ್ ಸಂಖ್ಯೆಯನ್ನೂ ಅದರಲ್ಲಿ ನಮೂದಿಸಬೇಕು. ಕತ್ತರಿಸಿ, ಬಣ್ಣ ಬಳಿದು, ಹಾಡು ಹಾಕಿದ ಚಿತ್ರ ಅಲ್ಲಿ ಎಷ್ಟು ನಿಂತೀತು? ಮೂಲ ಕಡತ ಸ್ಟುಡಿಯೊದವರ ಕಂಪ್ಯೂಟರಿನಲ್ಲಿ ಕೆಲಕಾಲವಿದ್ದು, ಜಾಗ ಸಾಲದೆ ಅಳಿದುಹೋಗುವುದೇ ಹೆಚ್ಚು. ವಿಎಚ್‌ಎಸ್ ಕ್ಯಾಸೆಟ್ಟಿಗೆ ಬೂಸ್ಟು ಹಿಡಿಯಿತು. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರ ಜುಲೈಗೆ ಅದನ್ನು ನಿಲ್ಲಿಸಿತು. ಡಿವಿಡಿಗೂ ಅದೇ ಗತಿ. ಉಳಿಸಿಕೊಳ್ಳುವ ಜ್ಞಾನವೂ ಸಂಕಲನದ ಭಾಗವೇ.

ಒಳಕೋಣೆಯ ದೃಶ್ಯ ಸೇರಿಸುವ ಮೊದಲು ಅಲ್ಲಿದ್ದ ಒಬ್ಬೊಬ್ಬ ಹೆಂಗಸನ್ನೂ ಕೇಳಿದೆವು. ಮೂವರು ಬೇಡವೆಂದರು. ಅವರ ಮುಖ ಬಾರದಂತೆ ಅಂಚು ಕತ್ತರಿಸಿದೆವು. ಚಿತ್ರವನ್ನು ಎಲ್ಲಿಗೂ ಏರಿಸುವುದಿಲ್ಲ ಎಂದು ಮಾತು ಕೊಟ್ಟೆವು. ಕತ್ತರಿಗೆ ಅಂಥ ಉಪಯೋಗವೂ ಇದೆ. ಆದರೆ ಎಲ್ಲಿ ಕತ್ತರಿಸಬೇಕೆಂದು ಹೇಳುವ ಹಕ್ಕು ಚಿತ್ರದಲ್ಲಿ ಇರುವವರದು.

ಅಣ್ಣ ಹೊಸ ಚಿತ್ರ ನೋಡಿ ಬಹಳ ಹೊತ್ತು ಸುಮ್ಮನಿದ್ದ. “ಅವರ ಕಡೆಯವರು ಬೇಜಾರು ಮಾಡ್ಕೊಂಡ್ರೆ?” ಎಂದ. ನಾವು, ಕೊಟ್ಟವನು ಅವರ ಮಗನೇ ಅಲ್ಲವೇ, ಅವನು ಕೊಡುವುದೂ ಇದರಲ್ಲಿದೆಯಲ್ಲ ಎಂದೆವು. ಹನೂರಿನ ಮನೆಯಲ್ಲಿ ಅದನ್ನು ಹಾಕಿದಾಗ ಯಾರೂ ಏನೂ ಅನ್ನಲಿಲ್ಲವಂತೆ. ಗಂಡಿನ ಅಜ್ಜಿ ಮಾತ್ರ ಆ ಜಾಗವನ್ನು ಇನ್ನೊಮ್ಮೆ ಹಾಕಿಸಿಕೊಂಡು ನೋಡಿದರಂತೆ.

ಮದುವೆ ಮನೆಗೆ ಕ್ಯಾಮರಾ ಕರೆಸುವ ಓದುಗರಲ್ಲಿ ನಮ್ಮ ವಿನಂತಿ ಇಷ್ಟೆ. ಸಿನಿಮಾ ಥರ ಬೇಕೆಂದು ಕೇಳಿ, ತಪ್ಪಿಲ್ಲ. ಆದರೆ ಹಾಡು ಹಾಕುವ ಮೊದಲು ಒಮ್ಮೆ ದನಿ ಕೇಳಿಸಿಕೊಳ್ಳಿ. ಮೂಲ ಕಡತವನ್ನು ಇಸಿದುಕೊಳ್ಳಿ. ಮುಖ್ಯವಾಗಿ, ಚಿತ್ರ ಸಿದ್ಧವಾದ ಮೇಲೆ ಅದನ್ನು ಮೊದಲು ಮದುಮಗಳಿಗೆ ತೋರಿಸಿ, ನಿನ್ನ ಮಾತು ಇದರಲ್ಲಿ ಇದೆಯೇ ಎಂದು ಕೇಳಿ.